ಆಸ್ಪತ್ರೆಗೆ ಮುಖ್ಯಾಧಿಕಾರಿಯನ್ನು ಆರಿಸುವುದು ಹೇಗೆ: ಕೊಡಗಿನ ಟ್ರಸ್ಟಿಗಳಿಗೊಂದು ಮಾರ್ಗದರ್ಶಿ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಸುತ್ತಮುತ್ತ ಸಣ್ಣ, ಮಧ್ಯಮ ಗಾತ್ರದ ಆಸ್ಪತ್ರೆ ನಡೆಸುವ ಟ್ರಸ್ಟಿಗಳೂ ಪಾಲುದಾರ ವೈದ್ಯರೂ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಆಡಳಿತ ನೋಡಿಕೊಳ್ಳಲು ಒಬ್ಬ ಹಿರಿಯ ಅಧಿಕಾರಿ ಬೇಕು, ಮೂರು ಅರ್ಜಿ ಬಂದಿವೆ, ಮೂವರೂ ಚೆನ್ನಾಗಿಯೇ ಮಾತನಾಡುತ್ತಾರೆ, ಯಾರನ್ನು ತೆಗೆದುಕೊಳ್ಳೋಣ?” ಈ ಪ್ರಶ್ನೆ ನನ್ನ ಬಳಿ ಬರುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ಯಾವ ಆಧಾರದ ಮೇಲೆ ಆರಿಸಬೇಕೆಂಬುದನ್ನು ಅರ್ಜಿದಾರರ ಮುಖ ನೋಡುವ ಮೊದಲೇ ನಿಶ್ಚಯಿಸಿಕೊಳ್ಳದಿದ್ದರೆ, ಮುಖ ನೋಡಿದ ಮೇಲೆ ಆ ಮುಖಕ್ಕೆ ಹೊಂದುವ ಆಧಾರಗಳನ್ನೇ ನಾವು ಹುಡುಕಿಕೊಳ್ಳುತ್ತೇವೆ. ಈ ಲೇಖನದಲ್ಲಿರುವ ಎಂಟು ಹಂತಗಳಲ್ಲಿ ಮೊದಲ ಮೂರು, ಅರ್ಜಿ ಕರೆಯುವುದಕ್ಕಿಂತ ಮುಂಚೆಯೇ ಮುಗಿಯಬೇಕಾದವು.

ಹಿರಿಯ ಅಧಿಕಾರಿ ಎಂದರೆ ಇಲ್ಲಿ ಯಾರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸಿಇಒ ಅಥವಾ ಮುಖ್ಯ ಕಾರ್ಯನಿರ್ವಾಹಕರು ಇಡೀ ಸಂಸ್ಥೆಯ ಹಣ, ಜನ, ಯೋಜನೆಗಳಿಗೆ ಆಡಳಿತ ಮಂಡಳಿಗೆ ಉತ್ತರ ಹೇಳುವವರು. ವೈದ್ಯಕೀಯ ಅಧೀಕ್ಷಕರು ಚಿಕಿತ್ಸೆಯ ಗುಣಮಟ್ಟಕ್ಕೂ ವೈದ್ಯರ ಶಿಸ್ತಿಗೂ ಹೊಣೆಯಾಗುವ ವೈದ್ಯರು. ನರ್ಸಿಂಗ್ ಅಧೀಕ್ಷಕರು ವಾರ್ಡುಗಳ ದಿನನಿತ್ಯದ ಬೆನ್ನೆಲುಬು. ಚಿಕ್ಕ ಆಸ್ಪತ್ರೆಗಳಲ್ಲಿ ಮೊದಲ ಎರಡು ಹುದ್ದೆಗಳನ್ನು ಒಬ್ಬರ ತಲೆಗೇ ಕಟ್ಟುವ ರೂಢಿಯಿದೆ. ಅದು ಕೆಲವೆಡೆ ನಡೆಯುತ್ತದೆ, ಆದರೆ ಬೆಳಿಗ್ಗೆ ಒಪಿಡಿಯಲ್ಲಿ ರೋಗಿಗಳನ್ನು ನೋಡಿ ಮಧ್ಯಾಹ್ನ ಬ್ಯಾಂಕಿನವರೊಂದಿಗೆ ಕೂರುವ ವ್ಯಕ್ತಿಯಿಂದ ಎರಡೂ ಕೆಲಸ ಪೂರ್ತಿಯಾಗಿ ಆಗಬೇಕೆಂದು ನಿರೀಕ್ಷಿಸಬೇಡಿ.

ಬೇಕಾಗುವುದು ಇಷ್ಟು: ಮೂರರಿಂದ ಐದು ಜನರ ಆಯ್ಕೆ ಸಮಿತಿ, ಕನಿಷ್ಠ ಹತ್ತು ಹನ್ನೆರಡು ವಾರಗಳ ಅವಧಿ, ಪ್ರತಿ ಸದಸ್ಯನಿಗೂ ಬೇರೆ ಬೇರೆ ಅಂಕಪಟ್ಟಿ, ಮತ್ತು ಯಾರೂ ಸರಿಹೊಂದದಿದ್ದರೆ ಹುದ್ದೆಯನ್ನು ಇನ್ನೆರಡು ತಿಂಗಳು ಖಾಲಿ ಬಿಡುವ ಧೈರ್ಯ.

1. ಅರ್ಹತೆ ಬರೆಯುವ ಮೊದಲು ತೀರ್ಮಾನಗಳನ್ನು ಬರೆಯಿರಿ

ಬೆಂಗಳೂರಿನ ಯಾವುದೋ ದೊಡ್ಡ ಆಸ್ಪತ್ರೆಯ ಜಾಹೀರಾತನ್ನು ನಕಲು ಮಾಡಿ “ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಪದವಿ, ಹದಿನೈದು ವರ್ಷ ಅನುಭವ, ಉತ್ತಮ ನಾಯಕತ್ವ ಗುಣ” ಎಂದು ಬರೆದರೆ ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಅದರ ಬದಲು, ಈ ಹುದ್ದೆಗೆ ಬರುವವರು ಮೊದಲ ಹನ್ನೆರಡು ತಿಂಗಳಲ್ಲಿ ತೆಗೆದುಕೊಳ್ಳಬೇಕಾದ ಹತ್ತು ತೀರ್ಮಾನಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಮೈಸೂರಿನಿಂದ ವಾರಕ್ಕೆರಡು ದಿನ ಬರುವ ವಿಸಿಟಿಂಗ್ ಕನ್ಸಲ್ಟೆಂಟ್‌ಗೆ ನಿಗದಿತ ಮೊತ್ತ ಕೊಡುವುದೋ, ನೋಡಿದ ರೋಗಿಗಳ ಲೆಕ್ಕದಲ್ಲಿ ಕೊಡುವುದೋ? ಹಳೆಯ ಎಕ್ಸ್‌ರೇ ಯಂತ್ರವನ್ನು ಈ ವರ್ಷವೇ ಬದಲಿಸುವುದೋ, ರಿಪೇರಿಯಲ್ಲಿ ಇನ್ನೊಂದು ವರ್ಷ ದೂಡುವುದೋ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಹಣ ಅದನ್ನು ನಡೆಸುವ ಸರ್ಕಾರಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ ಬರುವುದು ತಡವಾದ ತಿಂಗಳಲ್ಲಿ ಔಷಧ ಸರಬರಾಜುದಾರನಿಗೆ ಮೊದಲು ಕೊಡುವುದೋ, ಸಿಬ್ಬಂದಿಯ ಸಂಬಳ ಮೊದಲೋ? ಡಿಸೆಂಬರಿನಿಂದ ಮಾರ್ಚಿನವರೆಗೆ ಕಾಫಿ ಕೊಯ್ಲಿಗೆ ಹೊರಗಿನಿಂದ ಬರುವ ಕಾರ್ಮಿಕರು ಕೈಯಲ್ಲಿ ಕಾಗದಪತ್ರವಿಲ್ಲದೆ ಕ್ಯಾಶುವಾಲಿಟಿಗೆ ಬಂದಾಗ ಮುಂಗಡ ಹಣದ ನಿಯಮವೇನು?

ಈ ಪಟ್ಟಿ ತಯಾರಾದ ಮೇಲೆ ಪ್ರತಿಯೊಂದು ತೀರ್ಮಾನದ ಎದುರು, ಅದನ್ನು ಅಧಿಕಾರಿ ತಾವೇ ತೆಗೆದುಕೊಳ್ಳಬಹುದೇ, ಮಂಡಳಿಗೆ ತಿಳಿಸಿ ತೆಗೆದುಕೊಳ್ಳಬೇಕೇ, ಮಂಡಳಿಯ ಒಪ್ಪಿಗೆ ಬೇಕೇ ಎಂದು ನಮೂದಿಸಿ. ಖರೀದಿಯ ಮಿತಿಯನ್ನು ರೂಪಾಯಿಗಳಲ್ಲೇ ಬರೆಯಿರಿ. ಬಹುಪಾಲು ಜಗಳಗಳ ಬೇರು ಇಲ್ಲಿರುತ್ತದೆ. ಸಂಸ್ಥಾಪಕ ವೈದ್ಯರು ಅಧಿಕಾರ ಕೊಟ್ಟಿದ್ದೇವೆ ಎಂದು ಬಾಯಲ್ಲಿ ಹೇಳುತ್ತಾರೆ, ಡೀಸೆಲ್ ಬಿಲ್ಲಿಗೂ ತಮ್ಮ ಸಹಿಯೇ ಬೇಕೆಂದು ಕೂರುತ್ತಾರೆ. ನಿಮ್ಮ ಪಟ್ಟಿಯ ಹತ್ತರಲ್ಲಿ ಎಂಟಕ್ಕೆ ಮಂಡಳಿಯ ಒಪ್ಪಿಗೆ ಬೇಕೆಂದು ಬಂದರೆ, ನಿಮಗೆ ಬೇಕಾಗಿರುವುದು ಸಿಇಒ ಅಲ್ಲ, ಒಳ್ಳೆಯ ಕಚೇರಿ ವ್ಯವಸ್ಥಾಪಕ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಸಂಬಳವೂ ಉಳಿಯುತ್ತದೆ.

2. ಸಮಿತಿಯಲ್ಲಿ ಯಾರು ಕೂರಬೇಕು, ಯಾರು ಏಳಬೇಕು

ಐವರ ಸಮಿತಿಯಾದರೆ ಇಬ್ಬರು ಟ್ರಸ್ಟಿಗಳು, ಒಬ್ಬ ಹಿರಿಯ ವೈದ್ಯರು, ನರ್ಸಿಂಗ್ ವಿಭಾಗದ ಒಬ್ಬರು, ಮತ್ತು ಆಸ್ಪತ್ರೆಗೆ ಸಂಬಂಧಪಡದ ಹೊರಗಿನ ಒಬ್ಬರು ಇದ್ದರೆ ಒಳ್ಳೆಯದು. ನರ್ಸಿಂಗ್ ವಿಭಾಗದವರನ್ನು ಸಮಿತಿಗೆ ಸೇರಿಸಲು ಅನೇಕ ಮಂಡಳಿಗಳು ಹಿಂಜರಿಯುತ್ತವೆ. ನನ್ನ ಅನುಭವದಲ್ಲಿ ಅಭ್ಯರ್ಥಿಯ ಪೊಳ್ಳು ಮಾತನ್ನು ಮೊದಲು ಹಿಡಿಯುವವರು ಅವರೇ.

ಜಿಲ್ಲೆ ಚಿಕ್ಕದು; 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಐದೂವರೆ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಯಾವ ಅರ್ಜಿ ತೆಗೆದರೂ ಸಮಿತಿಯಲ್ಲಿ ಯಾರಿಗಾದರೂ ಅವರು ನೆಂಟರೋ ಸಹಪಾಠಿಯೋ ಪಕ್ಕದ ತೋಟದವರೋ ಆಗಿರುತ್ತಾರೆ. “ಯಾವ ಒಕ್ಕ (ಮನೆತನ)? ಯಾವ ಊರು?” ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯ ಮಾತು, ಅದನ್ನು ಕಾಫಿ ಕುಡಿಯುವಾಗ ಧಾರಾಳವಾಗಿ ಕೇಳಿ, ಆಯ್ಕೆಯ ಕೊಠಡಿಗೆ ಮಾತ್ರ ತರಬೇಡಿ. ಅರ್ಜಿಗಳು ಬಂದ ಮೇಲಿನ ಮೊದಲ ಸಭೆಯಲ್ಲೇ ಪ್ರತಿ ಸದಸ್ಯನೂ ತನಗೆ ಅಭ್ಯರ್ಥಿಗಳೊಂದಿಗೆ ಇರುವ ರಕ್ತಸಂಬಂಧ, ವ್ಯವಹಾರ, ಸಾಲದ ನಂಟನ್ನು ಬರವಣಿಗೆಯಲ್ಲಿ ಕೊಡಬೇಕು, ಹತ್ತಿರದ ನಂಟಿರುವವರು ಆ ಅಭ್ಯರ್ಥಿಯ ಮಟ್ಟಿಗಲ್ಲ, ಇಡೀ ಆಯ್ಕೆಯಿಂದಲೇ ಹಿಂದೆ ಸರಿಯಬೇಕು. ಒಬ್ಬರಿಗೆ ಮಾತ್ರ ಅಂಕ ಕೊಡದೆ ಉಳಿದವರಿಗೆ ಕಡಿಮೆ ಅಂಕ ಕೊಟ್ಟರೂ ಫಲ ಅದೇ ಆಗುತ್ತದೆ. ದತ್ತಿ ಟ್ರಸ್ಟುಗಳಿಗೆ ಇನ್ನೊಂದು ಎಚ್ಚರಿಕೆ: ಟ್ರಸ್ಟಿಯ ಸಂಬಂಧಿಕರಿಗೆ ಕೆಲಸಕ್ಕೆ ಮೀರಿದ ಸಂಬಳ ಕೊಟ್ಟರೆ ಆದಾಯ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು. ಆದ್ದರಿಂದ ಅಂಥ ನೇಮಕಕ್ಕೆ ಮೊದಲು ನಿಮ್ಮ ಲೆಕ್ಕಪರಿಶೋಧಕರ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯಿರಿ.

3. ಆರು ಗುಣಗಳು, ಆರು ಅಂಕಗಳು

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಇಪ್ಪತ್ತರ ಹರೆಯದಲ್ಲಿ, 1950ರ ದಶಕದಲ್ಲಿ, ಇಸ್ರೇಲ್ ಸೇನೆಗೆ ಸೇರುವ ಯುವಕರ ಸಂದರ್ಶನ ವಿಧಾನವನ್ನು ಬದಲಿಸಿಕೊಟ್ಟರು. ಒಟ್ಟಾರೆ ಅಭಿಪ್ರಾಯವನ್ನು ಕೇಳುವ ಬದಲು ಆರು ಗುಣಗಳನ್ನು ಒಂದಾದ ಮೇಲೊಂದರಂತೆ ವಿಚಾರಿಸಿ, ಒಂದಕ್ಕೆ ಅಂಕ ಕೊಟ್ಟ ಮೇಲಷ್ಟೇ ಇನ್ನೊಂದಕ್ಕೆ ಹೋಗುವಂತೆ ಅವರು ನಿಯಮ ಮಾಡಿದರು. ಎಲ್ಲ ಅಂಕಗಳನ್ನೂ ಬರೆದಾದ ಮೇಲೆ ಕಡೆಗೆ ಕಣ್ಣುಮುಚ್ಚಿ “ಇವನು ಹೇಗೆ?” ಎಂದು ಯೋಚಿಸಿ ಇನ್ನೊಂದು ಅಂಕ ಕೊಡಲು ಹೇಳಿದರು. ವಿಶೇಷವೆಂದರೆ ಆ ಕಡೆಯ ಅಂದಾಜೂ ಉಪಯುಕ್ತವೆಂದೇ ಕಂಡುಬಂತು, ಏಕೆಂದರೆ ಅದು ಆರು ಕಡೆ ಕಣ್ಣಿಟ್ಟು ನೋಡಿದ ಮೇಲೆ ಬಂದ ಅಂದಾಜಾಗಿತ್ತು. ನಮ್ಮ ಹಿರಿಯ ಟ್ರಸ್ಟಿಗಳು “ಆಳನ್ನು ನೋಡಿದರೆ ಗೊತ್ತಾಗುತ್ತದೆ” ಎನ್ನುವುದು ಪೂರ್ತಿ ಸುಳ್ಳಲ್ಲ. ನೋಡುವ ಹೊತ್ತು ಮಾತ್ರ ಮೊದಲಲ್ಲ, ಕೊನೆಯಲ್ಲಿ.

ಕೊಡಗಿನ ಆಸ್ಪತ್ರೆಗೆ ನಾನು ಸೂಚಿಸುವ ಗುಣಗಳು ಇವು: ಅರ್ಧ ಮಾಹಿತಿಯಿದ್ದಾಗಲೂ ತೀರ್ಮಾನಿಸುವ ಶಕ್ತಿ, ಹಣದ ಹರಿವಿನ ಅರಿವು, ರೋಗಿಯ ಸುರಕ್ಷತೆಯ ವಿಚಾರದಲ್ಲಿ ರಾಜಿಯಾಗದಿರುವುದು, ಹಿರಿಯ ವೈದ್ಯರಿಗೆ ಗೌರವ ಕೊಟ್ಟೂ ಅಗತ್ಯ ಬಿದ್ದಾಗ ಇಲ್ಲವೆನ್ನಬಲ್ಲ ಗಟ್ಟಿತನ, ಕಾನೂನಿನ ಕಟ್ಟುಪಾಡುಗಳ ತಿಳಿವಳಿಕೆ, ಮತ್ತು ತಾನು ಮಾಡಿದ ತೀರ್ಮಾನ ತಪ್ಪೆಂದು ಕಂಡಾಗ ಅದನ್ನು ಹಿಂದೆಗೆದುಕೊಳ್ಳುವ ಸ್ವಭಾವ. ನಿಮ್ಮ ಮೊದಲ ಹಂತದ ಪಟ್ಟಿಗೆ ಅನುಗುಣವಾಗಿ ಒಂದೆರಡನ್ನು ಬದಲಿಸಿಕೊಳ್ಳಬಹುದು, ಆರಕ್ಕಿಂತ ಹೆಚ್ಚು ಮಾಡಬೇಡಿ. ಪ್ರತಿ ಗುಣಕ್ಕೂ ಒಂದರಿಂದ ಐದರವರೆಗೆ ಅಂಕವಿರಲಿ, ಮತ್ತು ಒಂದು ಅಂಕದ ಉತ್ತರ ಹೇಗಿರುತ್ತದೆ, ಐದು ಅಂಕದ ಉತ್ತರ ಹೇಗಿರುತ್ತದೆ ಎಂಬುದನ್ನು ತಲಾ ಒಂದು ವಾಕ್ಯದಲ್ಲಿ ಮೊದಲೇ ಬರೆದಿಡಿ.

4. ಅರ್ಜಿಗಳ ಸೋಸುವಿಕೆ

ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಅಭ್ಯರ್ಥಿ ವೈದ್ಯರಾದರೆ ಅವರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲೋ ಅವರು ನೋಂದಾಯಿಸಿರುವ ರಾಜ್ಯದ ಪರಿಷತ್ತಿನಲ್ಲೋ ಪರಿಶೀಲಿಸಿ, ನರ್ಸಿಂಗ್ ಹುದ್ದೆಗಾದರೆ ನರ್ಸಿಂಗ್ ಪರಿಷತ್ತಿನಲ್ಲಿ. ಪದವಿ ಕೊಟ್ಟ ವಿಶ್ವವಿದ್ಯಾಲಯಕ್ಕೆ ನೇರವಾಗಿ ಬರೆದು ಖಚಿತಪಡಿಸಿಕೊಳ್ಳಿ. ಜೆರಾಕ್ಸ್ ಪ್ರತಿಯನ್ನು ನಂಬಿ ಕೂರಬೇಡಿ. ಬಯೋಡೇಟಾದಲ್ಲಿ ಕೆಲಸಗಳ ನಡುವೆ ಖಾಲಿ ತಿಂಗಳುಗಳಿದ್ದರೆ ಅದನ್ನೇ ದೋಷವೆಂದು ತಿಳಿಯಬೇಡಿ, ಕಾರಣವನ್ನು ಮಾತ್ರ ಕೇಳಿ.

ಅನುಭವದ ವರ್ಷಗಳಿಗೆ ಮಾರುಹೋಗುವುದು ಇಲ್ಲಿನ ಸಾಮಾನ್ಯ ತಪ್ಪು. ಸಾವಿರ ಹಾಸಿಗೆಯ ಸಂಸ್ಥೆಯಲ್ಲಿ ಇಪ್ಪತ್ತು ವರ್ಷ ಇದ್ದವರು, ಖರೀದಿಗೊಂದು ವಿಭಾಗ, ಕಾನೂನಿಗೊಂದು ವಿಭಾಗ, ಸಿಬ್ಬಂದಿಗೊಂದು ವಿಭಾಗ ಇರುವ ಕಡೆ ಕೆಲಸ ಮಾಡಿರುತ್ತಾರೆ. ನಿಮ್ಮಲ್ಲಿ ಆ ಮೂರೂ ವಿಭಾಗಗಳು ಅವರ ಮೇಜಿನ ಮೇಲೇ ಇರುತ್ತವೆ.

5. ಸಂದರ್ಶನ: ಎಲ್ಲರಿಗೂ ಅವೇ ಪ್ರಶ್ನೆಗಳು

ರಚನಾಬದ್ಧ ಸಂದರ್ಶನ ಎಂದರೆ, ಹುದ್ದೆಯಿಂದಲೇ ಹುಟ್ಟಿದ ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು, ಎಲ್ಲ ಅಭ್ಯರ್ಥಿಗಳಿಗೂ ಅದೇ ಕ್ರಮದಲ್ಲಿ ಕೇಳಿ, ಉತ್ತರಕ್ಕೆ ಅಲ್ಲಲ್ಲೇ ಅಂಕ ಕೊಡುವ ಸಂದರ್ಶನ. ಕೇಳುವುದಕ್ಕೆ ಇದು ನೀರಸವೆನಿಸುತ್ತದೆ. ಆದರೆ ನೇಮಕಾತಿ ವಿಧಾನಗಳ ಬಗ್ಗೆ ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮುಂದಿನ ಕೆಲಸದ ಗುಣಮಟ್ಟವನ್ನು ಅಂದಾಜು ಮಾಡುವುದರಲ್ಲಿ ಮೇಲೆ ನಿಂತದ್ದು ಇದೇ. ರಚನಾಬದ್ಧ ಸಂದರ್ಶನಕ್ಕೂ ಕೆಲಸದ ಗುಣಮಟ್ಟಕ್ಕೂ ಇರುವ ಸಹಸಂಬಂಧ 0.42 ಎಂದೂ, ಮನಬಂದಂತೆ ಹರಟುವ ಸಂದರ್ಶನದ್ದು 0.19 ಎಂದೂ, ಅನುಭವದ ವರ್ಷಗಳದ್ದು ಬರೀ 0.07 ಎಂದೂ ಅವರ ಲೆಕ್ಕ. ಸಹಸಂಬಂಧ ಎಂದರೆ ಎರಡು ಸಂಗತಿಗಳ ನಂಟಿನ ಅಳತೆ: ಸೊನ್ನೆಯಾದರೆ ನಂಟೇ ಇಲ್ಲ, ಒಂದಾದರೆ ಪೂರ್ತಿ ನಂಟು. 0.42 ಕೂಡ ಒಂದರಿಂದ ಸಾಕಷ್ಟು ದೂರವಿದೆ ಎಂಬುದನ್ನು ಗಮನಿಸಿ. ಒಳ್ಳೆಯ ವಿಧಾನದಲ್ಲೂ ತಪ್ಪು ಆಯ್ಕೆಗೆ ಜಾಗ ಉಳಿದೇ ಇರುತ್ತದೆ, ಅದಕ್ಕಾಗಿಯೇ ಮುಂದಿನ ಹಂತಗಳು ಬೇಕು.

ಪ್ರಶ್ನೆಗಳು ನಡೆದುಹೋದ ಘಟನೆಗಳ ಬಗ್ಗೆ ಇರಲಿ. “ನೀವು ಒತ್ತಡವನ್ನು ಹೇಗೆ ನಿಭಾಯಿಸುತ್ತೀರಿ?” ಎಂದು ಕೇಳಿದರೆ ಎಲ್ಲರೂ ಚೆನ್ನಾಗಿಯೇ ನಿಭಾಯಿಸುತ್ತಾರೆ. “ಕಳೆದ ಎರಡು ವರ್ಷಗಳಲ್ಲಿ ನೀವು ತೆಗೆದುಕೊಂಡು ಆಮೇಲೆ ಹಿಂದೆಗೆದುಕೊಂಡ ಒಂದು ತೀರ್ಮಾನವನ್ನು ಹೇಳಿ, ತಪ್ಪೆಂದು ನಿಮಗೆ ಗೊತ್ತಾದದ್ದು ಯಾವಾಗ, ಮೊದಲು ಯಾರಿಗೆ ಹೇಳಿದಿರಿ, ಅದರಿಂದ ಎಷ್ಟು ನಷ್ಟವಾಯಿತು?” ಎಂದು ಕೇಳಿ. ಉತ್ತರದಲ್ಲಿ ದಿನಾಂಕ, ಮೊತ್ತ, ವ್ಯಕ್ತಿಗಳ ಪಾತ್ರ ಇದ್ದರೆ ಅದು ನಿಜವಾಗಿ ನಡೆದದ್ದು. “ನಾವು ತಂಡವಾಗಿ ಪರಿಹರಿಸಿದೆವು” ಎಂಬಲ್ಲಿಗೇ ನಿಂತರೆ, ಆ ತಂಡದಲ್ಲಿ ನಿಮ್ಮ ಪಾಲು ಯಾವುದು ಎಂದು ಎರಡನೆಯ ಸಲ ಕೇಳಿ. ಹೆಚ್ಚು ಆದಾಯ ತರುವ ವೈದ್ಯರೊಬ್ಬರ ಬಗ್ಗೆ ನರ್ಸ್ ದೂರು ಕೊಟ್ಟಾಗ ಏನು ಮಾಡಿದಿರಿ ಎಂಬುದು ನಾನು ಎಂದೂ ಬಿಡದ ಇನ್ನೊಂದು ಪ್ರಶ್ನೆ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಕಡೆ ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಲೇಬೇಕು ಎಂಬುದು ಉತ್ತರದಲ್ಲಿ ತಾನಾಗಿ ಬರುತ್ತದೆಯೇ ನೋಡಿ.

ಎಚ್ಚರಿಕೆ: ಪ್ರಭಾವಳಿ ಪರಿಣಾಮ. ಒಂದು ಒಳ್ಳೆಯ ಗುಣ ಕಂಡೊಡನೆ ಉಳಿದೆಲ್ಲವೂ ಒಳ್ಳೆಯವೇ ಎಂದು ತೋರುವುದಕ್ಕೆ ಈ ಹೆಸರು. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ತೋರಿಸಿದ್ದರು. ನಾನೂ ಇದಕ್ಕೆ ಬಲಿಯಾಗಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಸಮಿತಿಯಲ್ಲಿ ಕೂತಿದ್ದಾಗ ಅಭ್ಯರ್ಥಿಯೊಬ್ಬರು ಕೊಡವ ಕೌಟುಂಬಿಕ ಹಾಕಿಯ ಬಗ್ಗೆ ಮಾತು ತೆಗೆದರು. ಐವತ್ತು ನಿಮಿಷದ ಸಂದರ್ಶನದಲ್ಲಿ ಅರ್ಧ ಗಂಟೆ ಅದರಲ್ಲೇ ಕಳೆಯಿತು, ನಾವೆಲ್ಲ ಸಂತೋಷದಿಂದ ಅಂಕ ಕೊಟ್ಟೆವು, ಅವರು ಏಳನೆಯ ತಿಂಗಳಿಗೆ ಕೆಲಸ ಬಿಟ್ಟರು. ಅವರದೇನೂ ತಪ್ಪಿರಲಿಲ್ಲ. ಪರವಾನಗಿಗಳ ನವೀಕರಣದ ಬಗ್ಗೆ ಅವರಿಗೇನು ಗೊತ್ತು ಎಂದು ನಾವು ಕೇಳಿಯೇ ಇರಲಿಲ್ಲ.

ಕೇಳಬೇಕಾದದ್ದು ಇಂಥವು: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ನೋಂದಣಿ, ಸ್ಕ್ಯಾನಿಂಗ್ ಯಂತ್ರಕ್ಕೆ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ನೋಂದಣಿ ಮತ್ತು ದಾಖಲೆಗಳು, ಎಕ್ಸ್‌ರೇಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ, ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ. ಇವುಗಳ ಅವಧಿ ಮುಗಿಯುವ ದಿನಾಂಕಗಳನ್ನು ಈಗಿನ ಸಂಸ್ಥೆಯಲ್ಲಿ ಯಾರು, ಎಲ್ಲಿ ಬರೆದಿಟ್ಟಿದ್ದಾರೆ ಎಂದು ಕೇಳಿದರೆ ಸಾಕು. ಕಾಯ್ದೆಯ ಕಲಂಗಳನ್ನು ಬಾಯಿಪಾಠ ಒಪ್ಪಿಸಬೇಕಾಗಿಲ್ಲ.

6. ಮಾಡಿಸಿ ನೋಡಿ: ಆಗಸ್ಟಿನ ಒಂದು ಸಂಜೆ

ಇಡೀ ಪ್ರಕ್ರಿಯೆಯಲ್ಲಿ ಒಂದೇ ಒಂದು ಹೊಸ ಅಭ್ಯಾಸ ಮಾಡಿಕೊಳ್ಳಲು ನಿಮಗೆ ಸಾಧ್ಯವಿದ್ದರೆ ಇದನ್ನು ಮಾಡಿಕೊಳ್ಳಿ. ತೀರ್ಮಾನದ ಶಕ್ತಿಯ ಬಗ್ಗೆ ಮಾತನಾಡಿಸುವುದಕ್ಕಿಂತ ಒಂದು ಸನ್ನಿವೇಶವನ್ನು ಕೊಟ್ಟು ತೀರ್ಮಾನ ಮಾಡಿಸುವುದು ಮೇಲು. ಅಭ್ಯರ್ಥಿಗೆ ಎರಡು ಪುಟದ ಹಾಳೆ, ಖಾಲಿ ಕಾಗದ, ಕ್ಯಾಲ್ಕುಲೇಟರ್, ನಲವತ್ತು ನಿಮಿಷ ಕೊಡಿ. ನಾನು ಬಳಸುವ ಸನ್ನಿವೇಶ ಹೀಗಿದೆ.

ಅರವತ್ತು ಹಾಸಿಗೆಯ ಆಸ್ಪತ್ರೆ. ಆಗಸ್ಟ್ ತಿಂಗಳ ಮಂಗಳವಾರ, ಸಂಜೆ ಆರು ಗಂಟೆ. ಮೂರು ದಿನದಿಂದ ಬಿಡದೆ ಮಳೆ; ಬೆಳಿಗ್ಗೆ ಗುಡ್ಡ ಕುಸಿದು ಮುಖ್ಯ ರಸ್ತೆ ಮುಚ್ಚಿದೆ, ತೆರವಿಗೆ ಒಂದು ದಿನ ಬೇಕೆಂದು ಅಧಿಕಾರಿಗಳು ಹೇಳಿದ್ದಾರೆ. ಕರೆಂಟಿಲ್ಲ. ಜನರೇಟರಿಗೆ ಇಪ್ಪತ್ತು ಗಂಟೆಗಾಗುವಷ್ಟು ಡೀಸೆಲ್ ಇದೆ. ಆಮ್ಲಜನಕದ ದೊಡ್ಡ ಸಿಲಿಂಡರುಗಳು ಹನ್ನೆರಡು, ಒಂದೊಂದರಲ್ಲೂ ಸುಮಾರು ಏಳು ಸಾವಿರ ಲೀಟರ್. ನಾಲ್ವರು ರೋಗಿಗಳಿಗೆ ನಿಮಿಷಕ್ಕೆ ಹತ್ತು ಲೀಟರಿನಂತೆ ಆಮ್ಲಜನಕ ಹೋಗುತ್ತಿದೆ. ತ್ಯಾಜ್ಯ ಒಯ್ಯುವ ಗಾಡಿ ಬಂದು ನಲವತ್ತು ಗಂಟೆಯಾಗಿದೆ. ರಾತ್ರಿ ಪಾಳಿಯ ಐವರು ನರ್ಸುಗಳಲ್ಲಿ ಇಬ್ಬರು ಹೊಳೆಯಾಚೆ ಸಿಕ್ಕಿಕೊಂಡಿದ್ದಾರೆ. ಪ್ರಭಾವಿ ವ್ಯಕ್ತಿಯೊಬ್ಬರು ಫೋನ್ ಮಾಡಿ, ತಮ್ಮ ಸಂಬಂಧಿಕರಿಗೆ ಐಸಿಯುವಿನಲ್ಲಿ ಹಾಸಿಗೆ ಕಾದಿರಿಸಲು ಹೇಳುತ್ತಿದ್ದಾರೆ. ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಮ್ಲಜನಕ ಮುಗಿದಿದೆ ಎಂಬ ಸುಳ್ಳು ಸುದ್ದಿ ಹರಿದಾಡುತ್ತಿದೆ. ಮುಂದಿನ ಹನ್ನೆರಡು ಗಂಟೆಗಳಲ್ಲಿ ನೀವು ಏನೇನು ಮಾಡುತ್ತೀರಿ, ಯಾವ ಕ್ರಮದಲ್ಲಿ?

ಇಲ್ಲಿ ಒಂದೇ ಸರಿಯುತ್ತರ ಎಂಬುದಿಲ್ಲ, ಆದರೆ ಅಂಕ ಕೊಡುವವರು ನೋಡಬೇಕಾದ ಜಾಗಗಳಿವೆ. ಮೊದಲನೆಯದು ಲೆಕ್ಕ. ನಾಲ್ವರಿಗೆ ನಿಮಿಷಕ್ಕೆ ನಲವತ್ತು ಲೀಟರ್ ಎಂದರೆ ಗಂಟೆಗೆ 2,400 ಲೀಟರ್. ಒಟ್ಟು 84,000 ಲೀಟರ್ ಮೂವತ್ತೈದು ಗಂಟೆ ಬರುತ್ತದೆ. ಡೀಸೆಲ್ ಇಪ್ಪತ್ತೇ ಗಂಟೆ. ಅಂದರೆ ಮೊದಲು ಮುಗಿಯುವುದು ಆಮ್ಲಜನಕವಲ್ಲ, ಡೀಸೆಲ್. ವಾಟ್ಸ್ಆ್ಯಪ್ ಗದ್ದಲಕ್ಕೆ ಸಿಕ್ಕಿ ಆಮ್ಲಜನಕದ ಹಿಂದೆಯೇ ಓಡಿದವರು ಈ ಲೆಕ್ಕವನ್ನು ಮಾಡಿರುವುದಿಲ್ಲ. ಎರಡನೆಯದು, ಯಾವುದು ತನ್ನ ತೀರ್ಮಾನವಲ್ಲ ಎಂಬ ಅರಿವು: ಯಾವ ರೋಗಿಗೆ ಆಮ್ಲಜನಕ ಕಡಿಮೆ ಮಾಡಬಹುದು, ಐಸಿಯುವಿನಿಂದ ಯಾರನ್ನು ಹೊರಗೆ ತರಬಹುದು ಎಂಬುದನ್ನು ಚಿಕಿತ್ಸೆ ನೀಡುವ ವೈದ್ಯರಿಗೆ ಬಿಡಬೇಕು. ಪ್ರಭಾವಿಗಳ ಫೋನಿಗೂ ಉತ್ತರ ಅಲ್ಲಿಂದಲೇ ಬರಬೇಕು: ಹಾಸಿಗೆಯನ್ನು ಕೊಡುವುದು ರೋಗಿಯ ಸ್ಥಿತಿ ನೋಡಿ, ಫೋನ್ ನೋಡಿ ಅಲ್ಲ.

ಮೂರನೆಯದು ತ್ಯಾಜ್ಯ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಸಂಸ್ಕರಿಸದ ಅಂಗಾಂಶ ಮತ್ತು ರಕ್ತ, ಕೀವು ತಾಗಿದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅನಿವಾರ್ಯವಾದರೆ ಆರೋಗ್ಯಕ್ಕೂ ಪರಿಸರಕ್ಕೂ ಹಾನಿಯಾಗದಂತೆ ಕ್ರಮ ಕೈಗೊಂಡು, ಕಾರಣದೊಂದಿಗೆ ನಿಗದಿತ ಪ್ರಾಧಿಕಾರಕ್ಕೆ ತಿಳಿಸಬೇಕು. ಉಳಿದಿರುವುದು ಎಂಟೇ ಗಂಟೆ. ಕೆಲವರು ಇದನ್ನು ಗಮನಿಸುವುದೇ ಇಲ್ಲ. ಕೆಲವರು ಹಿತ್ತಲಲ್ಲಿ ಸುಟ್ಟುಬಿಡೋಣ ಎನ್ನುತ್ತಾರೆ. ಬೀಗ ಹಾಕಿದ ಪ್ರತ್ಯೇಕ ಕೊಠಡಿಯಲ್ಲಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಗೆ ಆ ರಾತ್ರಿಯೇ ಇಮೇಲ್ ಕಳಿಸುತ್ತೇನೆ, ಕರೆಂಟಿಲ್ಲದಿದ್ದರೆ ಫೋನ್ ಮಾಡಿ ಸಮಯ ಬರೆದಿಡುತ್ತೇನೆ ಎನ್ನುವವರಿಗೆ ನಾನು ಐದಕ್ಕೆ ಐದು ಕೊಡುತ್ತೇನೆ.

ಇಪ್ಪತ್ತೈದನೆಯ ನಿಮಿಷಕ್ಕೆ ಒಂದು ಚೀಟಿಯನ್ನು ಒಳಗೆ ಕಳಿಸಿ: “ರಸ್ತೆ ತೆರವಿಗೆ ಒಂದಲ್ಲ, ಮೂರು ದಿನ ಬೇಕು.” ಈಗ ಮೂವತ್ತೈದು ಗಂಟೆಯ ಆಮ್ಲಜನಕವೂ ಸಾಲದು. ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಯೋಚಿಸುತ್ತಾರೆಯೇ, ಮೊದಲ ಯೋಜನೆಯನ್ನೇ ಸಮರ್ಥಿಸುತ್ತಾ ಕೂರುತ್ತಾರೆಯೇ ಎಂಬುದನ್ನು ಗಮನಿಸಿ. ನಾನು ಅತಿ ಹೆಚ್ಚು ಬೆಲೆ ಕೊಡುವುದು ಈ ಹದಿನೈದು ನಿಮಿಷಗಳಿಗೆ. ಇದು ಕಲ್ಪನೆಯ ಕಸರತ್ತೆಂದು ಕಡೆಗಣಿಸಬೇಡಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿ ಬಂದ್ ಆದದ್ದನ್ನು ಇಲ್ಲಿ ಯಾರೂ ಮರೆತಿಲ್ಲ, ಜಿಲ್ಲೆಗೆ ರೈಲು ಮಾರ್ಗವೂ ಇಲ್ಲ.

ಎಚ್ಚರಿಕೆ: ಸನ್ನಿವೇಶದ ನೆಪದಲ್ಲಿ ನಿಮ್ಮ ಆಸ್ಪತ್ರೆಯ ನಿಜವಾದ ಸಮಸ್ಯೆಗೆ ಪುಕ್ಕಟೆ ಯೋಜನೆ ಬರೆಸಿಕೊಳ್ಳಬೇಡಿ. ಅದು ಅನ್ಯಾಯ, ಮತ್ತು ಒಳ್ಳೆಯ ಅಭ್ಯರ್ಥಿಗಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

7. ಹಿಂದಿನ ಕೆಲಸದ ವಿಚಾರಣೆ

ಅಭ್ಯರ್ಥಿಯ ಒಪ್ಪಿಗೆ ಪಡೆದೇ ವಿಚಾರಿಸಿ. ಈಗಿನ ಸಂಸ್ಥೆಗೆ ಗುಟ್ಟಾಗಿ ಫೋನ್ ಮಾಡಿ ಅವರ ಕೆಲಸಕ್ಕೆ ಸಂಚಕಾರ ತರಬೇಡಿ. ಮೇಲಧಿಕಾರಿ ಒಬ್ಬರು, ಸಮಾನರು ಒಬ್ಬರು, ಅವರ ಕೈಕೆಳಗೆ ಕೆಲಸ ಮಾಡಿದವರು ಒಬ್ಬರು, ಹೀಗೆ ಮೂವರಾದರೂ ಬೇಕು. “ಆಸಾಮಿ ಹೇಗೆ?” ಎಂದು ಕೇಳಿದರೆ “ಒಳ್ಳೆಯವರು” ಎಂಬ ಉತ್ತರ ಬಿಟ್ಟು ಇನ್ನೇನೂ ಬರದು, ಏಕೆಂದರೆ ಫೋನಿನಲ್ಲಿ ಇನ್ನೊಬ್ಬರ ಅನ್ನದ ಮೇಲೆ ಕಲ್ಲು ಹಾಕಲು ಯಾರಿಗೂ ಮನಸ್ಸಾಗುವುದಿಲ್ಲ. ಸಂದರ್ಶನದಲ್ಲಿ ಅವರು ಹೇಳಿದ ಘಟನೆಯನ್ನೇ ಎತ್ತಿಕೊಂಡು, ಅದರಲ್ಲಿ ಅವರ ಪಾತ್ರವೇನಿತ್ತು ಎಂದು ಕೇಳಿ. ಆಮೇಲೆ ಈ ಪ್ರಶ್ನೆ ಕೇಳಿ: “ಅವರ ಕೆಲಸ ಚೆನ್ನಾಗಿ ನಡೆಯಬೇಕಾದರೆ ನಾವು ಪಕ್ಕದಲ್ಲಿ ಎಂಥವರನ್ನು ಇಡಬೇಕು?” ದೂಷಣೆ ಎನಿಸದ ಕಾರಣಕ್ಕೆ ಜನ ಇದಕ್ಕೆ ನಿಜ ಹೇಳುತ್ತಾರೆ. “ಲೆಕ್ಕಪತ್ರಕ್ಕೆ ಒಬ್ಬ ಗಟ್ಟಿ ಆಳು ಬೇಕು” ಎಂದರೆ ನಿಮಗೆ ತಿಳಿಯಬೇಕಾದ್ದು ತಿಳಿಯಿತು.

8. ತೀರ್ಮಾನದ ದಿನ ಮತ್ತು ಅದರ ನಂತರ

ಅಂಕಪಟ್ಟಿಗಳನ್ನು ಚರ್ಚೆಗೆ ಮೊದಲೇ ಒಬ್ಬರ ಕೈಗೆ ಕೊಟ್ಟುಬಿಡಿ. ಹಿರಿಯ ಟ್ರಸ್ಟಿ ಬಾಯಿ ತೆರೆದ ಮೇಲೆ ಉಳಿದವರ ಅಂಕಗಳು ಆ ಕಡೆಗೇ ವಾಲುತ್ತವೆ, ಆದ್ದರಿಂದ ಚರ್ಚೆಯಲ್ಲಿ ಕಿರಿಯರು ಮೊದಲು, ಅಧ್ಯಕ್ಷರು ಕೊನೆಯಲ್ಲಿ ಮಾತನಾಡಲಿ. ಒಬ್ಬರು ಐದು, ಇನ್ನೊಬ್ಬರು ಎರಡು ಕೊಟ್ಟಿರುವ ಗುಣದ ಮೇಲೆ ಹೆಚ್ಚು ಹೊತ್ತು ನಿಲ್ಲಿ. ಎಲ್ಲರೂ ನಾಲ್ಕು ಕೊಟ್ಟಿರುವಲ್ಲಿ ಚರ್ಚೆಯ ಅಗತ್ಯವಿಲ್ಲ. ಸರಾಸರಿ ಹೆಚ್ಚಿದ್ದರೂ ರೋಗಿಯ ಸುರಕ್ಷತೆಯಲ್ಲಿ ಎರಡಕ್ಕಿಂತ ಕಡಿಮೆ ಬಂದವರನ್ನು ತೆಗೆದುಕೊಳ್ಳಬೇಡಿ.

ಒಬ್ಬರ ಹೆಸರಿಗೆ ಒಮ್ಮತ ಮೂಡಿದ ಮೇಲೆ ಮುಂಗಡ ಪೋಸ್ಟ್‌ಮಾರ್ಟಂ ಮಾಡಿ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಚಾರಕ್ಕೆ ತಂದ ವಿಧಾನವಿದು: “ಇಂದಿಗೆ ಒಂದು ವರ್ಷವಾಗಿದೆ, ಈ ನೇಮಕ ಪೂರ್ತಿ ವಿಫಲವಾಗಿದೆ, ಕಾರಣವೇನು?” ಎಂದು ಕೇಳಿ, ಪ್ರತಿಯೊಬ್ಬರೂ ಐದು ನಿಮಿಷ ಮೌನವಾಗಿ ಬರೆಯಬೇಕು. ಏನಾದೀತು ಎಂದು ಕೇಳಿದರೆ ಜನ ಸುಮ್ಮನಿರುತ್ತಾರೆ, ಆಗಿಹೋಗಿದೆ ಎಂದರೆ ಕಾರಣ ಹುಡುಕುತ್ತಾರೆ. ಕೊಡಗಿನ ಸಮಿತಿಗಳಲ್ಲಿ ಈ ಚೀಟಿಗಳ ಮೇಲೆ ನಾನು ಹೆಚ್ಚಾಗಿ ಕಂಡಿರುವುದು ಮೂರು ಕಾರಣಗಳು: ಸಂಸ್ಥಾಪಕರು ಅಧಿಕಾರ ಬಿಟ್ಟುಕೊಡಲಿಲ್ಲ, ಸಂಸಾರ ಇಲ್ಲಿಗೆ ಬರಲಿಲ್ಲ, ಮೊದಲ ಮಳೆಗಾಲ ತಡೆಯಲಾಗಲಿಲ್ಲ. ಮೊದಲನೆಯದಕ್ಕೆ ಮದ್ದು ನೀವು ಆಗಲೇ ಬರೆದಿಟ್ಟ ಅಧಿಕಾರದ ಪಟ್ಟಿ. ಅದನ್ನು ನೇಮಕಾತಿ ಪತ್ರಕ್ಕೆ ಲಗತ್ತಿಸಿ. ಉಳಿದೆರಡಕ್ಕೆ, ಆಹ್ವಾನ ಕೊಡುವ ಮೊದಲು ಅಭ್ಯರ್ಥಿಯನ್ನು ಸಂಸಾರಸಮೇತ ಎರಡು ದಿನ ಕರೆಸಿಕೊಳ್ಳಿ. ಮಂಜು ಮುಸುಕಿದ ರಾಜಾಸೀಟನ್ನು ತೋರಿಸಿ ಕಳಿಸುವುದಲ್ಲ. ಕೊಡುವ ಮನೆ, ಮಕ್ಕಳ ಶಾಲೆ, ಸಂಗಾತಿಗೆ ಕೆಲಸದ ಅವಕಾಶ ಎಷ್ಟಿದೆ ಎಂಬುದು, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ದೂರ ಎಂದರೆ ಪ್ರಯಾಣದಲ್ಲಿ ಏನು ಎಂಬುದು, ಎಲ್ಲವನ್ನೂ ಅವರೇ ನೋಡಲಿ. ಸಾಧ್ಯವಾದರೆ ಜುಲೈನಲ್ಲೇ ಕರೆಸಿ. ಅವರು ಒಲ್ಲೆ ಎಂದರೆ ಆ ಹುಡುಕಾಟ ವ್ಯರ್ಥವಾಯಿತೆಂದು ಕೊರಗಬೇಡಿ, ಒಂದು ವರ್ಷದ ನಷ್ಟ ಎರಡು ದಿನಕ್ಕೆ ಮುಗಿಯಿತು.

ನೇಮಕಾತಿ ಪತ್ರದಲ್ಲಿ ಸಂಬಳ, ಪ್ರೊಬೇಷನ್, ನೋಟಿಸ್ ಅವಧಿಯ ಜೊತೆಗೆ ಮೊದಲ ತೊಂಬತ್ತು ದಿನಗಳಲ್ಲಿ ಮುಗಿಯಬೇಕಾದ ಮೂರು ಕೆಲಸಗಳನ್ನು ಬರೆಯಿರಿ, ಮೂರಕ್ಕಿಂತ ಹೆಚ್ಚು ಬೇಡ. ಮೂವತ್ತು, ಅರವತ್ತು, ತೊಂಬತ್ತನೆಯ ದಿನಗಳಲ್ಲಿ ಅಧ್ಯಕ್ಷರು ಅವರೊಂದಿಗೆ ಒಂದು ಗಂಟೆ ಕೂರಬೇಕು. ಹಳೆಯ ಸಿಬ್ಬಂದಿ ಈ ನಡುವೆ ನೇರವಾಗಿ ಟ್ರಸ್ಟಿಗಳ ಮನೆಗೆ ದೂರು ತಂದರೆ ಬಂದವರಿಗೆ ಕಾಫಿ ಕೊಟ್ಟು, ದೂರನ್ನು ಅಧಿಕಾರಿಯ ಬಳಿಗೇ ಕಳಿಸಬೇಕು. ಅಧಿಕಾರಿಯ ಮೇಲೆಯೇ ಗಂಭೀರ ಆರೋಪವಿದ್ದಾಗ ಮಾತ್ರ ಇದಕ್ಕೆ ವಿನಾಯಿತಿ.

ಆಯ್ಕೆಯಾಗದವರಿಗೆ ಒಂದು ವಾರದೊಳಗೆ ಫೋನ್ ಮಾಡಿ ತಿಳಿಸಿ. ಮುಂದಿನ ಸಲ ಅವರೇ ಬೇಕಾಗಬಹುದು. ಅಂಕಪಟ್ಟಿಗಳು, ಮುಂಗಡ ಪೋಸ್ಟ್‌ಮಾರ್ಟಂನ ಚೀಟಿಗಳು, ಪ್ರತಿ ಸದಸ್ಯ ಕೊಟ್ಟ ಕೊನೆಯ ಅಂದಾಜು ಇವನ್ನೆಲ್ಲ ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ದಿನಾಂಕ ಬರೆದು ಕಾರ್ಯದರ್ಶಿಯ ಬೀರುವಿನಲ್ಲಿಡಿ. ಹನ್ನೆರಡು ತಿಂಗಳ ನಂತರ ಅದೇ ಸಮಿತಿ ಕೂತು ಲಕೋಟೆ ಒಡೆದು, ಯಾವ ಗುಣಕ್ಕೆ ಕೊಟ್ಟ ಅಂಕ ನಿಜವಾಯಿತು, ಯಾವುದು ಸುಳ್ಳಾಯಿತು ಎಂದು ನೋಡಬೇಕು. ಮುಂದಿನ ಹುದ್ದೆಗೆ ಪ್ರಶ್ನೆಗಳನ್ನು ಬರೆಯುವಾಗ ಆ ಹಾಳೆಯನ್ನು ಮುಂದಿಟ್ಟುಕೊಳ್ಳಿ.